ನಾಲ್ಕು ವರ್ಗ, ಮೂರು ಜನ

ಸೊಸೈಟಿಯಿಂದ ತಂದ ಹಳೇ ಲೆಡ್ಜರು ಇದು.
ಎಡಕ್ಕೆ ಜಮಾ, ಬಲಕ್ಕೆ ಖರ್ಚು ಎಂದು ಅಚ್ಚಾದ ಹಾಳೆ.
ಜಮಾದ ಕೆಳಗೆ ಹೆಸರು ಬರೆಯುತ್ತೇನೆ,
ಖರ್ಚಿನ ಕೆಳಗೆ, ಸುತ್ತಿಗೆ ಹಿಡಿದ ಸಮಯ.

ಬೇಲೇಕೇರಿ ದಾರಿಯಲ್ಲಿ ಅದಿರಿನ ಲಾರಿ ನಿಲ್ಲುತ್ತಿದ್ದ ಅಂಗಳ.
ಲಾರಿಗಳು ನಿಂತೇಹೋದ ಮೇಲೆ ನಮಗೆ ಸಿಕ್ಕಿತು:
ಮುನ್ನೂರ ತೊಂಬತ್ತು ಮೀಟರು, ಏಳು ತಿರುವು,
ತಿರುವಿಗೆ ಲಾರಿಯ ಟಯರು, ಟಯರಿಗೆ ಬಲೆಯ ಹಗ್ಗ,
ಎಷ್ಟು ಗುಡಿಸಿದರೂ ಕೆಂಪು ಏಳುವ ನೆಲ.
ಇಲ್ಲಿ ಕಾರ್ಟ್ ಓಡಿಸಿದವನ ಬನಿಯನ್ನು
ಆಮೇಲೆ ಯಾವ ಸಾಬೂನಿಗೂ ಬಗ್ಗುವುದಿಲ್ಲ.

ಮೊದಲ ವರ್ಷ ಹತ್ತೊಂಬತ್ತು ಹೆಸರು.
ಬೈತಖೋಲದಲ್ಲಿ ದೋಣಿ ರಿಪೇರಿಯ ಇನಾಸ್ ಫುರ್ತಾದ್
ಚಾಸಿಯನ್ನು ತಾನೇ ಬೆಸೆದು ತಂದ, ಸೀಟಿಗೆ ಬಸ್ಸಿನ ರೆಕ್ಸಿನ್.
ಭಟ್ಕಳದ ಜಫರ್ ಶಿಂಗೇಟಿ ಬಿಳಿ ಕೈಗವಸಿನಲ್ಲಿ ಬಂದು
ಸಂಜೆ ಅದರ ಬಣ್ಣ ಎಲ್ಲರಿಗೂ ತೋರಿಸಿ ನಕ್ಕ.
ಒಂದೇ ಸಾಲು, ಒಂದೇ ಬಾವುಟ, ಒಂದೇ ಕಪ್.
ಗೆದ್ದವನದೇ ಚಾದ ಖರ್ಚು.

ಆಮೇಲೆ ತಕರಾರು. ದಪ್ಪಗಿದ್ದವರಿಗೆ ಬೇರೆ ಬೇಕು,
ನಲವತ್ತು ದಾಟಿದವರಿಗೆ ಬೇರೆ, ಮಕ್ಕಳಿಗೆ ಬೇರೆ,
ಇಟಲಿಯ ಇಂಜಿನ್ ತರಿಸಿದ ಇಬ್ಬರಿಗೆ ಬೇರೆಯೇ ಬೇಕು.
ಕೈ ಎತ್ತಿದೆವು, ನಾಲ್ಕು ವರ್ಗ ಮಾಡಿದೆವು.
ನಾನೂ ಎತ್ತಿದೆ.
ಸ್ಕೇಲು ಇಟ್ಟು ಹಾಳೆಯನ್ನು ನಾಲ್ಕಾಗಿ ಸೀಳಿದ್ದು
ಇದೇ ಕೈ.

ಇನಾಸನ ಮೊಣಕಾಲು ಹೋಯಿತು.
ಜಫರ್ ಒಂದು ಭಾನುವಾರ ಬರಲಿಲ್ಲ, ಮುಂದಿನದೂ ಇಲ್ಲ.
ಫೋನು ಮಾಡಿದರೆ, ಸಿಟ್ಟೇನಿಲ್ಲ ಶರಯೂ ಬಾಯಿ,
ನನ್ನ ವರ್ಗದಲ್ಲಿ ನಾನೊಬ್ಬನೇ,
ಒಬ್ಬನೇ ಗೆದ್ದು ಗೆದ್ದು ಸಾಕಾಯಿತು, ಎಂದ.

ಈ ಮೇ ತಿಂಗಳ ಕೊನೆಯ ಭಾನುವಾರ ಮೂರು ಹೆಸರು.
ವರ್ಗಕ್ಕೆ ಐದಕ್ಕಿಂತ ಕಡಿಮೆಯಾದರೆ ಓಟವಿಲ್ಲ,
ಅದೂ ನಮ್ಮದೇ ನಿಯಮ.
ವಸಂತ ಬಾನಾವಳಿಕರ್ ಹೆಲ್ಮೆಟ್ಟಿನಲ್ಲಿ ಶೇಂಗಾ ಹಾಕಿಕೊಂಡು ತಿನ್ನುತ್ತಿದ್ದ.

ಆಗ ಬಂತು ಮೂರು ಗಾಲಿಯ ಟೆಂಪೊ.
ಬರ್ಫದ ಪೆಟ್ಟಿಗೆಗಳ ನಡುವೆ, ಮೂತಿ ಮೇಲಾಗಿ ಕಟ್ಟಿದ ಕಾರ್ಟ್.
ರೋಶನಿ ಖಾರ್ವಿ, ತದಡಿ, ಹದಿನಾರು.
ಹುಬ್ಬಳ್ಳಿಯಲ್ಲಿ ಕೇಳಿದೆವು, ಅವಳಪ್ಪ ಹೇಳಿದ,
ಫೋಂಡಾದಲ್ಲಿ ಕೇಳಿದೆವು, ಹತ್ತಿರ ಕ್ಲಬ್ಬು ಉಂಟೋ ಎಂದು.
ಯಾರಿಗೂ ಗೊತ್ತಿಲ್ಲ.
ಕಡೆಗೆ ಅಂಕೋಲೆಯ ಬರ್ಫದ ಕಾರ್ಖಾನೆಯವ ಹೇಳಿದ:
ಭಾನುವಾರ ನಾಲ್ಕು ಜನ ಕೆಂಪಗಾಗಿ ಬಂದು ನೀರು ಕೇಳುತ್ತಾರೆ,
ಅವರನ್ನು ಕೇಳಿ.

ಎರಡು ವರ್ಷ ಹುಡುಕಿದಳಂತೆ.
ಒಂದು ತಾಸಿನ ದಾರಿಯಲ್ಲಿ, ಒಂದು ಬೋರ್ಡೂ ಬರೆಸದೆ,
ಜನ ಬರುವುದಿಲ್ಲ ಎಂದು ನಾವು ಗೊಣಗುತ್ತ ಕೂತಿದ್ದೆವು.

ಯಾವ ವರ್ಗ?
ವಯಸ್ಸಿಗೆ ಮಕ್ಕಳಲ್ಲಿ ಸೇರಳು, ತೂಕಕ್ಕೆ ದಪ್ಪಗಿನವರಲ್ಲಿ ಸೇರಳು,
ಇಂಜಿನ್ನು ಮಾವನ ಹಳೇ ಸ್ಕೂಟರಿನದು.
ಒಬ್ಬಳೇ ಹೋಗಲೇ, ಎಂದಳು. ಹೋಗು ಎಂದೆ.

ಅವಳು ಸುತ್ತುತ್ತಿದ್ದಂತೆ ಹಳೇ ಹಾಳೆಗಳನ್ನು ತಿರುವಿದೆ.
ಕೂಗಿದರೆ ಕೇಳದು; ಪಾಟಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು
ಕೊನೆಯ ತಿರುವಿನಲ್ಲಿ ಎತ್ತಿ ಹಿಡಿದೆ:
ಜಫರ್ ಮುಂದೆ, ಎರಡು ಸೆಕೆಂಡು.
ಜಫರ್ ಹಿಂದೆ.
ಇನಾಸ್ ಮುಂದೆ, ಒಂದು.
ಮೂವರೂ ಎದ್ದು ಬೇಲಿಯ ಹತ್ತಿರ ಹೋದರು,
ಬಾನಾವಳಿಕರ್ ಶೇಂಗಾ ಚೆಲ್ಲಿ ಹೆಲ್ಮೆಟ್ ಹಾಕಿಕೊಂಡ.
ಒಂಬತ್ತನೇ ಸುತ್ತು. ಇನಾಸ್ ಹಿಂದೆ, ಅರ್ಧ.

ಮುಖವೆಲ್ಲ ಕೆಂಪು, ಕಣ್ಣಿನ ಸುತ್ತ ಮಾತ್ರ ಮುಖ.
ಅವರೆಲ್ಲ ಎಲ್ಲಿ, ಎಂದಳು,
ಯಾರೂ ಕಾಣಲಿಲ್ಲವಲ್ಲ.

ಹೆಸರನ್ನು ಗೆರೆಗಳ ಮೇಲೆಯೇ ಅಡ್ಡ ಬರೆದೆ,
ಶಾಯಿ ಒಂದು ಕಡೆ ಒಡೆಯಿತು.
ಆಮೇಲೆ ಬೈತಖೋಲಕ್ಕೆ ಫೋನು ಹಚ್ಚಿದೆ:
ಇನಾಸ್, ಇವತ್ತು ನೀನು ಸೋತೆ, ಅರ್ಧ ಸೆಕೆಂಡು,
ತದಡಿಯ ಒಂದು ಹುಡುಗಿಗೆ.

ಅತ್ತ ಸುತ್ತಿಗೆಯ ಸದ್ದು ನಿಂತಿತು.
ಆವತ್ತು ಚೈನು ಸಡಿಲಿತ್ತು ಬಾಯಿ, ಎಂದ,
ಅದನ್ನೂ ಬರೆದುಕೋ.

ಬರೆದುಕೊಂಡೆ,
ಖರ್ಚಿನ ಕೆಳಗೆ.