ಬೈಯೋ ನಂಬರು

ಒಂದ ವಾರದಾಗ ಇಬ್ಬರು ಬಂದ್ರು.
ಮೂರನೆಯಾವ ಮೊದಲಿಂದ ಇಲ್ಲೇ ಇದ್ದ.

ಟೈ ಕಟ್ಟಿದ ಹುಡುಗ ಸೊಲ್ಲಾಪುರದಾಂವ,
ಮುಂಜಾನಿ ಪ್ಯಾಸೆಂಜರ್ ಹಿಡದು
ದುಧನಿ ಸ್ಟೇಷನ್ನಿನಾಗ ಇಳದು ಬಂದಿದ್ದ,
ಕೈಯಾಗ ಹೊಳಿಯೋ ಕಾಗದ.
ಆರು ತಿಂಗಳು ಅರ್ಧಾ ರೊಕ್ಕ, ಡಬ್ಬಿ ಫುಕಟ್,
ಮ್ಯಾಲ ಹದಿನಾಲ್ಕು ಸಿನಿಮಾ ಆ್ಯಪು.
ಸ್ಪೀಡು ಕೇಳಿದ್ರ 'ಶಂಭರ್' ಅಂದ.
ಯಾತರದ್ದು ನೂರು ಅಂತ ನಾ ಕೇಳಲಿಲ್ಲ.
ನೂರು ಅಂದ್ರ ನನಗ ನೂರು ರೊಟ್ಟಿ,
ನಾಕು ತಾಸಿನ ಬೆನ್ನುನೋವು.

ಎರಡನೆಯಾಕಿ ಸ್ಕೂಟಿ ಮ್ಯಾಲ ಬಂದಳು.
ಆಕಿದು ವಾಯರೇ ಇಲ್ಲಂತ, ಗಾಳ್ಯಾಗ ಬರತದಂತ.
ಗಾಳ್ಯಾಗ ಬರೂದು ಗಾಳಿಗೆ ಹೋಗೂದಿಲ್ಲೇನವಾ,
ನಮ್ಮ ಮಾವ ಕೇಳಿದ್ರು.
ಉತ್ತರ ಕೊಡಲಿಲ್ಲ, ಚಾ ಮಾತ್ರ ಪೂರ್ತಿ ಕುಡದಳು.

ಮೂರನೆಯಾವ ಕೇಬಲ್ ದಸ್ತಗೀರ್.
ಬಣ್ಣದ ಟಿವಿ ಬಂದಾಗಿಂದ
ನಮ್ಮ ಬೇವಿನ ಗಿಡಕ್ಕ ಅವನ ವಾಯರು ಸುತ್ತ್ಯದ;
ಗಿಡ ದಪ್ಪ ಆಗಿ ತೊಗಟ್ಯಾಗ ನುಂಗಿಕೊಂಡದ.
ಬಿಚ್ಚಬೇಕಂದ್ರ ಗಿಡಾ ಕಡೀಬೇಕು.

ನನ್ನ ಧಂದೆ ಇಷ್ಟ, ಕಡಕ್ ರೊಟ್ಟಿ, ಶೇಂಗಾ ಚಟ್ನಿ.
ಆರ್ಡರು ವಾಟ್ಸಾಪಿನಾಗ,
ಪುಣೆದಿಂದ, ಥಾಣೆದಿಂದ, ಕಲಬುರ್ಗಿ ಹಾಸ್ಟೆಲಿನಿಂದ.
ಹೋದ ಶ್ರಾವಣದಾಗ ಮೊಬೈಲ್ ನೆಟ್ ಮೂರು ದಿನ ಸತ್ತಾಗ
ನಾನೂರು ರೊಟ್ಟಿ ಬುಟ್ಟ್ಯಾಗ ಕುಂತು
ನನ್ನ ಮಾರಿ ನೋಡಿದ್ವು.
ಮಗಳು ಭಾಗ್ಯಶ್ರೀಗೆ ತಲಾಟಿ ಪರೀಕ್ಷಾದ ಕ್ಲಾಸು,
ಮಾವಗ ಕುಸ್ತಿ.
ಹಿಂಗಾಗಿ ಮೂವರಿಗೂ ಒಂದ ಪ್ರಶ್ನಿ ಕೇಳಿದೆ:
ಬಂದ್ ಬಿದ್ದಾಗ ನಾ ಯಾರನ್ನ ಬೈಬೇಕು?

ಟೈ ಹುಡುಗ ಕಾಗದ ತಿರುವಿ ಉದ್ದನ್ನ ನಂಬರು ತೋರಿಸಿದ.
ಮರಾಠಿಗೆ ಒಂದು, ಹಿಂದಿಗೆ ಎರಡು, ಇಂಗ್ಲಿಷಿಗೆ ಮೂರು.
ಕನ್ನಡಕ್ಕ?
'ಮಾವಶಿ, ತುಮ್ಹೀ ಮಹಾರಾಷ್ಟ್ರಾತ ಆಹಾತ' ಅಂದ,
ಹಾದಿ ತಪ್ಪಿದಾಕಿಗೆ ಊರ ಹೆಸರು ಹೇಳಿದಂಗ, ಪ್ರೀತಿಲೆ.

ಗೊತ್ತದಪಾ.
ಮರಾಠಿಯಾಗ ಬ್ಯಾಂಕಿಗೆ ಹೋಗತೀನಿ, ರೇಷನ್ ತರತೀನಿ,
ಮಗಳ ಮಾಸ್ತರರ ಜೋಡಿ ನಗತೀನಿ.
ರೊಟ್ಟಿ ಎಣಿಸೂದು ಕನ್ನಡ, ರೊಕ್ಕ ಎಣಿಸೂದು ಮರಾಠಿ.
ಆದ್ರ ಬೈಗಳು?
ಮರಾಠಿಯಾಗ ಹೊಂದಿಸಿಕೊಳ್ಳೂದ್ರಾಗ
ಸಿಟ್ಟ ಆರಿ ಹೋಗಿರತದ.
ಆರಿದ ಹಂಚಿನ ಮ್ಯಾಲ ರೊಟ್ಟಿ ಉಬ್ಬೂದಿಲ್ಲ.

ಸ್ಕೂಟಿ ಹುಡುಗಿ ಅಂದಳು, ಆ್ಯಪಿನ್ಯಾಗ ಬರೀರಿ,
ನೆಟ್ ಇದ್ರ ಸಾಕು, ಕಂಪ್ಲೇಂಟು ತಟ್ಟನ ಹೋಗತದ.
ತಾನ ಅಂದದ್ದು ತನಗ ಕೇಳಿಸಿ
ಹೆಲ್ಮೆಟ್ ಹಾಕೊಂಡಳು.

ದಸ್ತಗೀರ್ ಅಂದ, ನನ್ನ ಬೈಯಿ ಅಕ್ಕಾ.
ಗಾಳಿ ಬೀಸಿದ್ರ ನನ್ನ ನೆಟ್ ಹೋಗತದ, ಸುಳ್ಳ ಹೇಳೂದಿಲ್ಲ.
ಶುಕ್ರವಾರ ಮಧ್ಯಾಹ್ನ ಒಂದ ತಾಸು ಬೈಬ್ಯಾಡ.

ಲೆಕ್ಕಾ ಹಾಕಿದೆ. ಮೂವತ್ತು ರೂಪಾಯಿ ಜಾಸ್ತಿ,
ಸ್ಪೀಡು ಅರ್ಧಾ, ಸಿನಿಮಾ ಒಂದೂ ಇಲ್ಲ.
ಮಗಳು ಎರಡು ದಿನ ಮಾತಾಡಲಿಲ್ಲ.
ಹಾಕಿಸಿದೆ.

ಹನ್ನೊಂದು ತಿಂಗಳು ಬೈದೆ.
ಬೈಸಿಕೊಂಡ, ನಿಚ್ಚಣಿಕಿ ಹಚ್ಚಿದ, ಹತ್ತಿದ, ಇಳದ,
ಚಟ್ನಿ ಪೊಟ್ಟಣ ಕಿಸೆದಾಗ ಹಾಕೊಂಡು ಹೋದ.

ಮೊನ್ನೆ ಬಂದಾಗ ಅಂಗಿ ಬ್ಯಾರೆ.
ಎದಿ ಮ್ಯಾಲ ಆ ಹೊಳಿಯೋ ಕಾಗದದ್ದ ಗುರುತು.
ವಾಯರು ಕಂಪನಿಗೆ ಮಾರಿದೆ ಅಕ್ಕಾ,
ಇನ್ನ ಪಗಾರದ ಮ್ಯಾಲ, ಅಂದ, ಗಿಡಾ ನೋಡಕೋತ.
ಅದ ವಾಯರು, ಅದ ನಿಚ್ಚಣಿಕಿ.
ಕಂಪ್ಲೇಂಟು ಮಾತ್ರ ಉದ್ದನ್ನ ನಂಬರಿಗೆ;
ಅವರು ಕಳಿಸಿದ್ರ ಇಂವ ಬರಬೇಕು.
ಎಲ್ಲಿಂದ ಕಳಿಸತಾರೋ?
ಯಾರಿಗೆ ಗೊತ್ತು. ನಾಗಪುರ ಇರಬಹುದು.
ಅವನ ಮನಿ ನಮ್ಮ ಹಿತ್ತಲದಿಂದ ಆರನೇದು.

ನಿನ್ನೆ ಸಂಜಿಗೆ ಕೆಂಪು ದೀಪ.
ಒಂದು ಒತ್ತಿದೆ. ಹಾಡು ಹಚ್ಚಿದ್ರು.
ನಿಮ್ಮ ಕಾಲ್ ನಮಗ ಭಾಳ ಮಹತ್ವದ್ದು ಅಂತ
ಬಾಯಿಪಾಠದ ಮರಾಠಿಯಾಗ ಒಬ್ಬಾಕಿ ಅಂದಳು, ಮತ್ತ ಹಾಡು.
ಫೋನು ಡಬ್ಬಿ ಮ್ಯಾಲ ಇಟ್ಟು ರೊಟ್ಟಿ ತಟ್ಟಿದೆ.
ಕುಸ್ತಿ ಅರ್ಧಕ್ಕ ನಿಂತಿತ್ತು;
ಯಾರು ಕೆಳಗ, ಯಾರು ಮ್ಯಾಲ ಅನಕೋತ
ಮಾವ ಗ್ವಾಡಿ ನೋಡತಿದ್ರು.

ಹದಿನೇಳನೇ ರೊಟ್ಟಿಗೆ ಬಾಗಲದಾಗ ಸಪ್ಪಳ.
ಕಂಪನಿ ಅಂಗಿ ಇಲ್ಲ, ಬರೇ ಬನಿಯನ್ನು,
ಹೆಗಲ ಮ್ಯಾಲ ನಿಚ್ಚಣಿಕಿ.
'ನಮ್ಮ ಮನ್ಯಾಗೂ ಹೋಗ್ಯದ. ಯಾರೂ ಕಳಿಸಿಲ್ಲ ನನ್ನ.
ಲಗೂನ ಬೈಯಿ, ಕತ್ತಲಾಗತದ.'

ಫೋನಿನ್ಯಾಗ ಹಾಡು ಇನ್ನೂ ನಡದಿತ್ತು.
ಕೈಗೆ ಹತ್ತಿದ ಹಿಟ್ಟ ಜಾಡಿಸಿ
ನಾ ಶುರು ಮಾಡಿದೆ.