ಟಿಕೆಟ್ಟಿನ ಹಿಂದೆ

ಹದಿನಾರು ಮೆಟ್ಟಿಲೆಂದು ಮಾತು.
ಹನ್ನೊಂದಕ್ಕೆ ನಿಂತಿತ್ತು.
ಹನ್ನೊಂದರ ತುದಿಯಲ್ಲಿ ಕಬ್ಬಿಣದ ಸರಳುಗಳು
ಗೂಡಿನ ಮರಿಗಳಂತೆ ಕತ್ತೆತ್ತಿ
ಮೇಲಿಂದ ಏನೋ ಬರುತ್ತದೆಂದು ಕಾಯುತ್ತಿದ್ದವು.
ಬಂದದ್ದು ತುಕ್ಕು.

ತಣ್ಣೀರುಹಳ್ಳದ ನನ್ನ ಇಪ್ಪತ್ತು-ಮೂವತ್ತರ ಸೈಟಿನಲ್ಲಿ
ಟ್ಯಾಂಕು ತೊಳೆಯಲು, ಸಂಡಿಗೆ ಒಣಹಾಕಲು
ಹನ್ನೊಂದು ಮೆಟ್ಟಿಲು ಹತ್ತಿ, ಆಮೇಲೆ ಏಣಿ.
ಪಕ್ಕದ ಮನೆಯವರು ಹೆಸರನ್ನೂ ಇಟ್ಟರು:
ಕಂಡಕ್ಟರಮ್ಮನ ತ್ರಿಶಂಕು.

ಮೇಸ್ತ್ರಿ ಕಾಳಪ್ಪಾಚಾರಿ ಮೊದಮೊದಲು ಫೋನೆತ್ತುತ್ತಿದ್ದ.
'ನಾಳಿದ್ದು ಬಂದೆ ಅಂದ್ಕೊಳ್ಳಿ ಮೇಡಂ.'
ಅಂದುಕೊಂಡೆ. ಏಳು ತಿಂಗಳು ಅಂದುಕೊಂಡೆ.
ಆಮೇಲೆ ಅವನ ಫೋನಿನೊಳಗೆ ಒಬ್ಬ ಹೆಂಗಸು,
ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆಂದು
ಬಲು ವಿನಯದಿಂದ ಹೇಳುವವಳು.
ಅವಳ ಮೇಲೆ ರೇಗಿದ್ದೂ ಉಂಟು.

ಗ್ರಾಹಕರ ಕೋರ್ಟಿಗೆ ಹೋಗೆಂದಳು ತಂಗಿ.
ವಕೀಲರು ಕೇಳಿದರು: ಕರಾರು ಪತ್ರ?
ಕೊಟ್ಟೆ, ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆ.
ಅಡ್ವಾನ್ಸು ನಲವತ್ತು ಸಾವಿರ, ಆಮೇಲೆ ಮೂವತ್ತು,
ಅಡಿಯಲ್ಲಿ ಅವನ ಸಹಿ, ಗರಗಸದ ಹಲ್ಲು.
ಅವರು ಕನ್ನಡಕ ತೆಗೆದು ಒರೆಸಿ
ಕನ್ನಡಕವನ್ನೇ ನೋಡುತ್ತ ಕೂತರು.

ಮೇ ಕೊನೆಯ ಮಂಗಳವಾರ, ಹೊಳೆನರಸೀಪುರದ ಏಳೂಮುಕ್ಕಾಲರ ಗಾಡಿ.
ಮೊಸಳೆಹೊಸಳ್ಳಿಯಲ್ಲಿ
ಬಿತ್ತನೆ ಆಲೂಗೆಡ್ಡೆಯ ಮೂಟೆಗಳ ಹಿಂದೆ
ಕರಣೆ ತುರುಕಿದ ಚೀಲ ಕಂಕುಳಲ್ಲಿಟ್ಟು ಹತ್ತಿದ.
ಖಾಕಿ ನೋಡಿದ, ಮುಖ ನೋಡಲಿಲ್ಲ.
ಐನೂರರ ನೋಟು ನೀಡಿ, 'ಒಂದು ಹೊಳೆನರ್ಸೀಪುರ.'

ಚಿಲ್ಲರೆ ಇಲ್ಲ ಅನ್ನುವುದು ಕಂಡಕ್ಟರಿಗೆ ಹೊಸತಲ್ಲ.
ಚೀಲ ಭರ್ತಿಯಿದ್ದೂ ಅಂದದ್ದು ಅವತ್ತೇ.
ಟಿಕೆಟ್ಟು ಹರಿದು, ಮಗುಚಿ,
ಎಲ್ಲರಿಗೂ ಬರೆಯುವಂತೆ ಬರೆದೆ:
ಬಾಕಿ 470.
ಗೆರೆ ಎಳೆದು, ಕೆಳಗೆ:
ಬಾಕಿ ಮೆಟ್ಟಿಲು 5.

ಓದಿದ. ಕಿಟಕಿಯಾಚೆ ನೋಡಿದ. ಮತ್ತೆ ಓದಿದ.
ಈಗ ನೋಡಿದ ಮುಖ.

ಸ್ಟಾಂಡಿನಲ್ಲಿ ಎಲ್ಲರೂ ಇಳಿದರು, ಅವನಿಳಿಯಲಿಲ್ಲ.
ಇಳಿಯುವುದಾದರೂ ಹೇಗೆ.
'ಆ ರಿಂಗ್ ರೋಡ್ ಮನೆಯೋನು ನಂಗೆ ಎರಡು ಲಕ್ಷ ಮುಳುಗಿಸ್ದ.
ಬಾಡಿಗೆಯೋರು ಸೆಂಟ್ರಿಂಗ್ ಶೀಟು ಹೊತ್ಕೊಂಡೋದ್ರು.
ನಿಮ್ಮ ದುಡ್ಡು ಅವರಿಗೆ ಕಟ್ಟಿದೆ.
ಆಮೇಲೆ, ಏನಂತ ಫೋನ್ ಎತ್ಲಿ?'

ನಿಜವೋ ಸುಳ್ಳೋ.
ನಾನೂ ಈಗಷ್ಟೇ ಒಂದು ಸುಳ್ಳು ಹೇಳಿದವಳು,
ತಕ್ಕಡಿ ಹಿಡಿದ ಕೈ ಕೊಂಚ ಅದುರುತ್ತಿತ್ತು.

ಡ್ರೈವರ್ ಮೊಗಣ್ಣಗೌಡರು ಟೀ ಕುಡಿದು ಬರುವಷ್ಟರಲ್ಲಿ
ಮೂರು ಜನರ ಸೀಟಿನಲ್ಲಿ ನಡುವೆ ಚೀಲವಿಟ್ಟು ತೀರ್ಮಾನ:
ಸಿಮೆಂಟು ನನ್ನದು, ಶೀಟಿನ ಬಾಡಿಗೆ ನನ್ನದು.
ಅಂಗಡಿಗೆ ನಾನೇ ಹೋಗುವುದು.
ಕೂಲಿ ಪೂರಾ ಹಳೇ ಅಡ್ವಾನ್ಸಿಗೆ ವಜಾ.
ಊಟ ಕೇಳಬಾರದು.
ಕೊಟ್ಟರೆ ಬೇಡ ಅನ್ನಬಾರದು.
ಹೂಂ ಎಂದ. ಆಮೇಲಷ್ಟೇ
ನಾನೂರ ಎಪ್ಪತ್ತು ಎಣಿಸಿ ಕೊಟ್ಟೆ.

ಬುಧವಾರ ಬರಲಿಲ್ಲ.
ಗುರುವಾರ ಬರಲಿಲ್ಲ. ಸರಿ, ಎಂದುಕೊಂಡೆ, ಪಾಠ.
ಶುಕ್ರವಾರ ಡ್ಯೂಟಿ ಮುಗಿಸಿ ಬಂದರೆ
ಬಾಗಿಲ ಮುಂದೆ ಜರಡಿ ಹಿಡಿದ ಮರಳಿನ ಗುಡ್ಡೆ,
ಅದರ ಮೇಲೆ ಆಗಲೇ ಮಲಗಿದ್ದ ಬೀದಿನಾಯಿ.

ಐದು ಮೆಟ್ಟಿಲಿಗೆ ಒಂಬತ್ತು ದಿನ.
ಉಪ್ಸಾರು-ಮುದ್ದೆ ಒಮ್ಮೆಯೂ ಬೇಡ ಅನ್ನಲಿಲ್ಲ.
ಹಳತಕ್ಕೂ ಹೊಸತಕ್ಕೂ ಮಟ್ಟ ಕೂಡದೆ
ಹನ್ನೆರಡನೆಯದು ಅರ್ಧ ಅಂಗುಲ ಎತ್ತರವಾಯಿತು.
'ಒಡೆದು ಮಾಡ್ಲಾ?'
ಇರಲಿ ಎಂದೆ.
ಹೊಸಬರು ಈಗಲೂ ಅಲ್ಲಿ ಮುಗ್ಗರಿಸುತ್ತಾರೆ.
ನನ್ನ ಕಾಲು ತಾನಾಗಿ ಎತ್ತಿಡುತ್ತದೆ.

ಹೋಗುವ ದಿನ ಜೇಬಿನಿಂದ ಟಿಕೆಟ್ಟು ತೆಗೆದ.
ಮೆಷಿನ್ನಿನ ಅಚ್ಚು ಬೆವರಿಗೆ ಅಳಿಸಿ
ಊರೂ ಇಲ್ಲ, ದರವೂ ಇಲ್ಲ.
ಬೆನ್ನಿನ ಮೇಲೆ ನನ್ನ ಅಕ್ಷರ ಮಾತ್ರ ಹಾಗೇ.
ಕಿವಿಯ ಮೇಲೆ ಪೆನ್ಸಿಲ್ಲಿತ್ತು, ಮುಟ್ಟಲಿಲ್ಲ.
'ಇದಾದ್ರೆ ಅಳಿಸೋಗುತ್ತೆ, ನಿಮ್ಮ ಪೆನ್ನು ಕೊಡಿ.'
ಐದರ ಮೇಲೆ ಗೆರೆ ಹೊಡೆದು, ಗರಗಸದ ಸಹಿ ಹಾಕಿ,
ಟಿಕೆಟ್ಟನ್ನೂ ಪೆನ್ನನ್ನೂ ನನ್ನ ಕೈಗಿಟ್ಟು ಹೋದ,

ಪೆನ್ನಿನ ಮುಚ್ಚಳ ಹಾಕದೆ.