ಅಲಗು ತನ್ನ ಕಡೆಗೆ

ನನ್ನ ಕೆಲಸ ಓದುವುದು.
ಸಿಯೆನ್‌ಫುಯೆಗೋಸಿನ ಚುರುಟು ಕಾರ್ಖಾನೆಯಲ್ಲಿ
ಎಪ್ಪತ್ತು ಮೇಜು, ಎಪ್ಪತ್ತು ಜೋಡಿ ಕೈ,
ನಡುವೆ ಎತ್ತರದ ಕಟ್ಟೆಯ ಮೇಲೆ
ನಾನು, ನನ್ನ ಕುರ್ಚಿ, ಒಂದು ಹೂಜಿ ನೀರು.
ಬೆಳಿಗ್ಗೆ ಪತ್ರಿಕೆ, ಊಟವಾದ ಮೇಲೆ ಕಾದಂಬರಿ.
ಕೈ ಎಲೆ ಸುತ್ತುತ್ತಿರುತ್ತದೆ,
ಕಿವಿ ನನ್ನ ಬಳಿ ಕೂತಿರುತ್ತದೆ.

ಕಥೆ ಹಿಡಿಸಿದರೆ ಚಾಕುವಿನಿಂದ ಮೇಜು ಕುಟ್ಟುತ್ತಾರೆ,
ಹಿಡಿಸದಿದ್ದರೆ ನೆಲಕ್ಕೆ ಎಸೆಯುತ್ತಾರೆ.
ಹಿಡಿಯಿಲ್ಲದ, ಅರ್ಧಚಂದ್ರನಂಥ ಚಾಕು;
ಬಿದ್ದರೆ ತಾಳ ತಪ್ಪಿದ ಜಾಗಟೆಯ ಸದ್ದು.

ಆ ಮಾರ್ಚ್ ತಿಂಗಳು ಓದುತ್ತಿದ್ದ ಪುಸ್ತಕದಲ್ಲಿ
ಒಬ್ಬ ಒಳ್ಳೆಯ ಧಣಿ.
ಗಿರಣಿಯ ಒಡೆಯ. ಹಿಮ ಬೀಳುವ ಊರು.
ಹಬ್ಬದ ಹಿಂದಿನ ರಾತ್ರಿ ಕೂಲಿಯವರ ಮಕ್ಕಳಿಗೆಲ್ಲ
ಉಣ್ಣೆಯ ಕೋಟು ಹಂಚುತ್ತಾನೆ,
ಹಂಚಿ ತಾನೇ ಅಳುತ್ತಾನೆ.
ಆ ಕಣ್ಣೀರಿಗೆ ಲೇಖಕ ಎರಡು ಪುಟ ಕೊಟ್ಟಿದ್ದ.
ಮೊದಲ ಪುಟ ಮುಗಿಯುವುದರೊಳಗೆ
ಎಪ್ಪತ್ತೂ ಚಾಕು ನೆಲದ ಮೇಲೆ.
"ಕೋಟಿನ ದುಡ್ಡು ಯಾರ ಕೂಲಿಯಲ್ಲಿ ಮುರಿದನೋ, ಕೇಳವನನ್ನ!"
ಹಿಂದಿನ ಸಾಲಿನಿಂದ ಕ್ರೆಸೆನ್ಸಿಯಾ ಕೂಗಿದಳು.
ನಕ್ಕರು. ನಾನೂ ನಕ್ಕೆ.

ಬಾಗಿಲ ಬಳಿ ನಿಂತಿದ್ದ ಮೇಸ್ತ್ರಿ ಬಾಲ್ದೊಮೇರೊ
ನಗಲಿಲ್ಲ, ಗದರಲೂ ಇಲ್ಲ.
ಬಂದ. ಮಂಡಿ ಲಟಕ್ಕೆನ್ನುವಂತೆ ಬಗ್ಗಿದ.
ಒಂದೊಂದೇ ಚಾಕು ಹೆಕ್ಕಿ
ಅಂಗಿಯ ತುದಿಯಲ್ಲಿ ಒರೆಸಿ
ಅವರವರ ಕೈಗೆ ಕೊಟ್ಟ,
ಅಲಗು ತನ್ನ ಅಂಗೈ ಕಡೆಗೆ.
ಯಾವುದು ಯಾರದೆಂದು ಒಮ್ಮೆಯೂ ಕೇಳಲಿಲ್ಲ.

ಸಿಹಿ ಮನುಷ್ಯನೇನಲ್ಲ.
ಯಾರ ಹುಟ್ಟುಹಬ್ಬ, ಯಾರ ಹೆಂಡತಿಗೆ ಜ್ವರ,
ಯಾವುದೂ ನೆನಪಿರುತ್ತಿರಲಿಲ್ಲ;
ಜನರನ್ನು ಮೇಜಿನ ನಂಬರಿನಿಂದ ಕರೆಯುತ್ತಿದ್ದ.
ಹದಿನೇಳು, ನಿನ್ನ ಸುತ್ತು ಸಡಿಲ.
ನಲವತ್ತೆರಡು, ಹಾಡು ಸಾಕು.
ಆದರೆ ಚುರುಟು ಎಣಿಸುವಾಗ
ಗಟ್ಟಿಯಾಗಿ ಎಣಿಸುತ್ತಿದ್ದ, ಸುತ್ತಿದವರ ಎದುರಿಗೇ.
ಬೇಡವೆಂದದ್ದನ್ನು ಬಿಚ್ಚಿ ತೋರಿಸುತ್ತಿದ್ದ: ಇಗೋ, ಇಲ್ಲಿ ಗಂಟು.
ಕ್ರೆಸೆನ್ಸಿಯಾಳ ಬೆರಳು ನಡುಗತೊಡಗಿದಾಗ
ನಾರು ತೆಗೆಯುವ ಬೆಂಚಿಗೆ ಕಳಿಸಿದ, ಹಳೆಯ ಕೂಲಿಗೇ.
ಗೊಣಗಿದವರ ಬೆರಳುಗಳನ್ನೇ ನೋಡುತ್ತ ನಿಂತ,
ಅವರು ಸುಮ್ಮನಾಗುವವರೆಗೆ.

ಆಮೇಲೆ ಆ ಎಲೆಯ ವಿಷಯ.
ಹೊದಿಕೆ ಎಲೆಯ ಒಂದು ಕಟ್ಟು ಕಾಣೆ.
ಗೋದಾಮಿನಿಂದ ಕಡೆಗೆ ಹೊರಬಂದವ ನಿಕಾಸಿಯೊ,
ಮೂವತ್ತಾರನೇ ಮೇಜಿನ ಹುಡುಗ.
ಎಲ್ಲರೆದುರು ಚೀಲ ಕೊಡವಿಸಿದ ಬಾಲ್ದೊಮೇರೊ.
ಅರ್ಧ ಬ್ರೆಡ್ಡು, ಒಂದು ಬಾಚಣಿಗೆ.
ಆದರೂ ಮನೆಗೆ ಕಳಿಸಿದ.
ಮೂರನೇ ದಿನ ಕಟ್ಟು ಸಿಕ್ಕಿತು
ತಕ್ಕಡಿಯ ಹಿಂದೆ, ತಾನೇ ಇಟ್ಟು ಮರೆತಲ್ಲಿ.
ನೋಡಿದವರು ಯಾರೂ ಇರಲಿಲ್ಲ, ಅವನ ಹೊರತು.

ಮಧ್ಯಾಹ್ನ ನಾನು ಪುಸ್ತಕ ತೆರೆಯುವಷ್ಟರಲ್ಲಿ
ಕಟ್ಟೆಯ ಮೆಟ್ಟಿಲು ಕಿರುಗುಟ್ಟಿತು.
"ಸ್ವಲ್ಪ ಜರುಗಮ್ಮ," ಅಂದ.
ಕೈಯಲ್ಲಿ ಚುರುಟು ಪೆಟ್ಟಿಗೆಯ ಕಾಗದ,
ಪೆನ್ಸಿಲಿನ ನಾಲ್ಕು ಸಾಲು.
ಅಕ್ಷರ ಅಷ್ಟಕ್ಕಷ್ಟೇ ಅವನಿಗೆ;
ಬೆರಳಿಟ್ಟು, ಕೂಡಿಸಿ ಕೂಡಿಸಿ ಓದಿದ:

ಎಲೆ ನಾನೇ ಇಟ್ಟಿದ್ದೆ.
ಹುಡುಗ ಕದ್ದಿಲ್ಲ.
ಮೂರು ದಿನದ ಕೂಲಿ ನನ್ನ ಸಂಬಳದಿಂದ.
ಚೀಲ ಕೊಡವಿಸಿದ್ದು ತಪ್ಪು.

ಕೊನೆಯ ಪದ ಎರಡು ಸಲ ಓದಬೇಕಾಯಿತು,
ಮೊದಲನೆಯದು ಗಂಟಲಲ್ಲೇ ಉಳಿಯಿತು.
ನೀರು ಬಗ್ಗಿಸಿ ಕೊಟ್ಟೆ. ಕುಡಿಯಲಿಲ್ಲ. ಇಳಿದು ಹೋದ.
ಒಂದೂ ಚಾಕು ಕುಟ್ಟಲಿಲ್ಲ.
ಒಂದೂ ಬೀಳಲಿಲ್ಲ.

ನಿಕಾಸಿಯೊ ಅಲ್ಲಿರಲಿಲ್ಲ,
ಬಂದರಿನಲ್ಲಿ ಮೂಟೆ ಹೊರಲು ಸೇರಿಕೊಂಡಿದ್ದ.
ಸಂಜೆ ಅಲ್ಲಿಗೂ ಹೋದನಂತೆ, ಅದೇ ಕಾಗದ ಹಿಡಿದು.
ಹುಡುಗ ಏನಂದನೋ. ಮರಳಿ ಬರಲಿಲ್ಲ.

ಪುಸ್ತಕದ ಧಣಿ ತನ್ನದನ್ನು ಕೊಟ್ಟು ಅತ್ತ.
ಇವನು ಕೊಟ್ಟದ್ದೆಲ್ಲ ನಮ್ಮದನ್ನೇ.
ಇಂಥವನಿಗೆ ಯಾವ ಲೇಖಕ ಎರಡು ಪುಟ ಕೊಟ್ಟಾನು?
ಎಂದುಕೊಂಡೆ; ಆಮೇಲೆ ಮರೆತೆ, ಓದುವುದಿತ್ತು.

ಮೂವತ್ತಾರನೇ ಮೇಜು ಬಹಳ ದಿನ ಖಾಲಿಯಿತ್ತು.
ಬೆಳಿಗ್ಗೆ ಹಾಜರಿ ಕೂಗುತ್ತ ಬರುವಾಗ
ಅಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದ ಬಾಲ್ದೊಮೇರೊ:
ಮೂವತ್ತನಾಲ್ಕು. ಮೂವತ್ತೈದು.
ನಿಕಾಸಿಯೊ.
ಮೂವತ್ತೇಳು.